ನಾವು ಹತ್ತದ ರೈಲು

ಇಂಥ ಕಥೆಗಳನ್ನು ಯಾರಾದರೂ ಶುರುಮಾಡಿದರೆ ನಾನು ಇನ್ನಷ್ಟು ಮೊಸರನ್ನ ಬಡಿಸಿಕೊಳ್ಳುವ ನೆಪದಲ್ಲಿ ಎದ್ದುಹೋಗುತ್ತಿದ್ದವನು. ನಮ್ಮ ಕನ್ನಡದವರು ಸೇರಿದಾಗ ಊಟದ ಕೊನೆಗೆ ಒಬ್ಬರಾದರೂ ಇದ್ದೇ ಇರುತ್ತಾರೆ: ಊರಲ್ಲಿ ಅಜ್ಜಿ ಹೋದ ಗಳಿಗೆಯಲ್ಲೇ ತಮಗೆ ಟೊರಾಂಟೊದಲ್ಲಿ ಎಚ್ಚರವಾಯಿತು ಎನ್ನುವವರು, ಖಾಲಿ ಬೇಸ್‌ಮೆಂಟಿನಲ್ಲಿ ಯಾರೋ ಕೆಮ್ಮಿದರು ಎನ್ನುವವರು. ಅವರು ಸುಳ್ಳು ಹೇಳುತ್ತಾರೆಂದು ನನಗೆ ಅನಿಸಿರಲಿಲ್ಲ. ಸರಿಯಾಗಿ ವಿಚಾರಿಸಿಲ್ಲ, ಅಷ್ಟೇ ಎಂದುಕೊಳ್ಳುತ್ತಿದ್ದೆ. ಕುಡಿಯುವ ನೀರಿನ ಕೊಳವೆಗಳ ಎಂಜಿನಿಯರಾಗಿ ಇಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನೀರು ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ; ಹುಡುಕಿದರೆ ಸಿಗುತ್ತದೆ. ಈಗ ಹೇಳಹೊರಟಿರುವ ವಿಷಯವನ್ನೂ ಹಾಗೇ ಹುಡುಕಿದ್ದೇನೆ. ಸಿಕ್ಕಿಲ್ಲ.

ನಾನು ಧಾರವಾಡದವನು, ಹೆಂಡತಿ ನಳಿನಿ ಮೈಸೂರಿನವಳು. ಟೊರಾಂಟೊ ಹತ್ತಿರದ ಅರೋರಾದಲ್ಲಿ ನಮ್ಮ ಮನೆ. ಒಬ್ಬಳೇ ಮಗಳು ಮೇಘನಾ ಇಲ್ಲೇ ಹುಟ್ಟಿ ಬೆಳೆದವಳು, ಈಗ ಮಿಸಿಸಾಗದಲ್ಲಿದ್ದಾಳೆ. ಕೋವಿಡ್ ಕಳೆದು ಜನ ಮತ್ತೆ ಓಡಾಡತೊಡಗಿದಾಗ ನಾವೂ ಯುರೋಪಿಗೆ ಹೊರಟೆವು. ಪ್ರಾಗ್, ವಿಯೆನ್ನಾ, ವೆನಿಸ್, ರೋಮ್. ಊರುಗಳ ವಿಷಯದಲ್ಲಿ ಜಗಳವಿರಲಿಲ್ಲ. ಊರಿಂದ ಊರಿಗೆ ಹೇಗೆ ಹೋಗುವುದೆಂಬುದೇ ಚಳಿಗಾಲವಿಡೀ ನಮ್ಮ ಅಡುಗೆಮನೆಯ ಮಾತಾಯಿತು. ನನಗೆ ರೈಲು ಬೇಕು. ಅವಳಿಗೆ ಅಗ್ಗದ ವಿಮಾನ ಬೇಕು.

"ಒಂದು ಗಂಟೆ ದಾರಿಗೆ ಇಡೀ ದಿನ ಯಾಕ್ರೀ ಕೂತ್ಕೋಬೇಕು? ನನ್ನ ಬೆನ್ನು ಒಪ್ಪಬೇಕಲ್ಲ," ಎನ್ನುತ್ತಿದ್ದಳು.

"ಒಂದು ತಾಸು ಅಂತಿ. ಊರ ಹೊರಗಿನ ಏರ್‌ಪೋರ್ಟಿಗೆ ಹೋಗೂದು, ಲೈನಿನ್ಯಾಗ ನಿಲ್ಲೂದು, ಬ್ಯಾಗ್ ತೂಗಿ ಜಗಳಾಡೂದು, ಇದನ್ನೆಲ್ಲಾ ಯಾರು ಲೆಕ್ಕಕ್ಕ ಹಿಡೀತಾರ?"

ಮೇಘನಾ ಫೋನಿನಲ್ಲಿ ತಾಯಿಯ ಪರ. "ಡ್ಯಾಡ್, ಜಸ್ಟ್ ಫ್ಲೈ. ಅಮ್ಮನ ಬ್ಯಾಕ್ ಬಗ್ಗೆ ಥಿಂಕ್ ಮಾಡಿ."

ಕೊನೆಗೆ ಹತ್ತಿರದ ಊರುಗಳಿಗೆ ರೈಲು ಎಂದಾಯಿತು. ವಿಯೆನ್ನಾದಿಂದ ವೆನಿಸ್‌ಗೆ ಮಾತ್ರ ತೀರ್ಮಾನವಾಗಲಿಲ್ಲ. ಆ ಬೇಸಿಗೆಯಲ್ಲಿ ವಿಮಾನಗಳು ಹೇಳದೆ ಕೇಳದೆ ರದ್ದಾಗುತ್ತಿದ್ದವು. ಹಾಗಾಗಿ ಎರಡಕ್ಕೂ ಟಿಕೆಟ್ ತೆಗೆದೆವು. ಅವತ್ತಿನ ಬೆಳಿಗ್ಗೆ ನೋಡಿ ನಿರ್ಧರಿಸೋಣ ಎಂದುಕೊಂಡೆವು.

ಆ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಹೋಟೆಲಿನ ಕೆಳಗಿನ ಹಜಾರದಲ್ಲಿ ನಳಿನಿ ಸೂಟ್‌ಕೇಸನ್ನು ಎತ್ತಿ ನೋಡಿ, "ಇದರ ತೂಕಕ್ಕೆ ಅವರು ಬಿಡೋಲ್ಲ. ಟ್ರೇನೇ ಆಗ್ಲಿ ಬಿಡಿ," ಎಂದಳು. ಗೆದ್ದೆನೆಂದು ನನಗೆ ಒಳಗೊಳಗೇ ಖುಷಿ. ನಿಲ್ದಾಣಕ್ಕೆ ನಡೆದೇ ಹೋದೆವು. ಮೇಜಿನ ಸುತ್ತ ಎದುರುಬದುರು ಸೀಟುಗಳು. ನಳಿನಿ ಕಿಟಕಿಯ ಪಕ್ಕ ಕೂತು, ಬೆನ್ನುನೋವಿನ ಮಾತ್ರೆ ನುಂಗಿ, ಮುಖದ ಮೇಲೆ ಶಾಲು ಎಳೆದುಕೊಂಡು ಮಲಗಿದಳು.

ಎದುರಿಗೆ ಒಬ್ಬ ಮುದುಕಿ ಇದ್ದಳು. ಸೆಖೆಯಿದ್ದರೂ ಕಡುನೀಲಿ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿದ್ದಳು. ತೊಡೆಯ ಮೇಲೆ ಬಟ್ಟೆಯ ಚೀಲ, ಅದರ ಮೇಲೆ ಎರಡೂ ಕೈ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ಬೆಟ್ಟಗಳು ಬಂದಾಗ ಬೆರಳು ತೋರಿಸಿ ಏನೋ ಹೆಸರು ಹೇಳಿದಳು. ನಳಿನಿಯ ಕಡೆ ನೋಡಿ ನಿನ್ನ ಹೆಂಡತಿಯೇ ಎಂಬಂತೆ ಹುಬ್ಬೇರಿಸಿದಳು. ಹೌದೆಂದು ತಲೆಯಾಡಿಸಿದೆ. ತುಟಿಯ ಮೇಲೆ ಬೆರಳಿಟ್ಟು, ಮಲಗಲಿ ಎಂದು ಸನ್ನೆ ಮಾಡಿದಳು.

ಸುರಂಗಗಳು ಒಂದರ ಹಿಂದೊಂದು ಬರತೊಡಗಿದವು. ಒಂದು ಸುರಂಗದಿಂದ ಹೊರಗೆ ಬಂದಾಗ ನೋಡುತ್ತೇನೆ, ಮುದುಕಿಯ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಹಣೆಯ ಮೇಲೆ ಬೆವರು. ಅವಳು ಮೇಜಿನ ಮೇಲೆ ಕೈ ಚಾಚಿದಳು. ನಾನು ಹಿಡಿದುಕೊಂಡೆ. ಹಿಂದಿನ ಸೀಟಿನಲ್ಲಿದ್ದ ಯುವಕನನ್ನು ಕೂಗಿ ಕರೆದೆ. ಅವನು ಗಾರ್ಡನ್ನು ಹುಡುಕಿಕೊಂಡು ಓಡಿದ. ವೈದ್ಯರು ಯಾರಾದರೂ ಇದ್ದಾರೆಯೇ ಎಂದು ಕೂಗಿ ಕೇಳಿದರು. ಯಾರೂ ಇರಲಿಲ್ಲ. ಆ ಕೈ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಿತ್ತು, ಆಮೇಲೆ ಸಡಿಲವಾಯಿತು. ಜೀವ ಹೋದದ್ದು ನನಗೆ ಗೊತ್ತಾದದ್ದು ಹಾಗೆ.

ರೈಲನ್ನು ಒಂದು ಸಣ್ಣ ನಿಲ್ದಾಣದಲ್ಲಿ ನಿಲ್ಲಿಸಿದರು. ಇಬ್ಬರು ಬಂದು ಅವಳನ್ನು ಇಳಿಸಿಕೊಂಡರು. ಚೀಲ ಸೀಟಿನ ಮೇಲೇ ಉಳಿದಿತ್ತು. ನಾನು ಬಾಗಿಲಿಗೆ ಓಡಿ ಕೊಟ್ಟೆ. ಮತ್ತೆ ರೈಲು ಹೊರಟಿತು. ಇಷ್ಟೆಲ್ಲ ನಡೆಯುವಾಗ, ಜನ ಕೂಗುವಾಗ, ನನ್ನ ಪಕ್ಕದಲ್ಲಿದ್ದ ನಳಿನಿ ಮಿಸುಕಲಿಲ್ಲ. ನನಗೆ ಒಮ್ಮೆ ಗಾಬರಿಯೇ ಆಯಿತು. ಬಗ್ಗಿ ನೋಡಿದೆ. ಶಾಲು ಉಸಿರಿಗೆ ಏರಿಳಿಯುತ್ತಿತ್ತು. ಮಾತ್ರೆಯ ನಿದ್ದೆ ಎಂದುಕೊಂಡೆ. ವೆನಿಸ್‌ನಲ್ಲಿ ಅವಳು ಎದ್ದು ಕೂದಲು ಸರಿಮಾಡಿಕೊಂಡು, "ಬಂತಾ?" ಎಂದು ಕೇಳಿದಳು. ಅವಳ ಪ್ರವಾಸ ಕೆಡಿಸುವುದು ಬೇಡವೆಂದು ಏನೂ ಹೇಳಲಿಲ್ಲ. ರೋಮ್‌ನಲ್ಲೂ ಹೇಳಲಿಲ್ಲ.

ವಾಪಸು ಬಂದ ಮೇಲೆ ಒಂದು ಭಾನುವಾರ ಹತ್ತಿರದ ಸ್ಟೌಫ್‌ವಿಲ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಊಟ. ಅವರೂ ಯುರೋಪಿಗೆ ಹೊರಟಿದ್ದರು. "ಏನು ಸಜೆಸ್ಟ್ ಮಾಡ್ತೀರಿ ಸರ್, ಟ್ರೇನೋ ಬಜೆಟ್ ಏರ್‌ಲೈನೋ?" ಎಂದು ಮನೆಯಾತ ಕೇಳಿದ.

"ಟ್ರೇನಿನ್ಯಾಗನ ಹೋಗ್ರಿ," ಎಂದೆ. "ಆದರ ನಮಗ ಒಂದು ಕೆಟ್ಟ ಅನುಭವ ಆತು. ವೆನಿಸ್‌ಗೆ ಹೋಗೂ ಟ್ರೇನಿನ್ಯಾಗ ನಮ್ಮ ಎದುರಿಗೆ ಕೂತ ಮುದುಕಿ ತೀರಿಕೊಂಡ್ಲು. ಇವಳು ಮಲಗಿದ್ಲು, ಇವಳಿಗೂ ಇನ್ನೂ ಹೇಳಿಲ್ಲ."

ನಳಿನಿ ಚಮಚ ಕೆಳಗಿಟ್ಟಳು. "ಯಾವ ಟ್ರೇನು?" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ವಿಯೆನ್ನಾದಿಂದ ನಾವು ಫ್ಲೈಟಲ್ಲಿ ಬಂದ್ವಲ್ರೀ," ಎಂದಳು.

ಯಾರೋ ನಕ್ಕರು. ತಮಾಷೆ ಎಂದುಕೊಂಡಿರಬೇಕು. ನಮ್ಮಿಬ್ಬರ ಮುಖ ನೋಡಿ ನಿಲ್ಲಿಸಿದರು.

ಅವಳ ಪ್ರಕಾರ ನಡೆದದ್ದು ಹೀಗೆ: ತೂಕ ಜಾಸ್ತಿಯೆಂದು ಅವಳು ಎರಡು ಸ್ವೆಟರ್ ಮೈಮೇಲೆ ಹಾಕಿಕೊಂಡಳು, ಟ್ಯಾಕ್ಸಿಯಲ್ಲಿ ವಿಮಾನ ನಿಲ್ದಾಣಕ್ಕೆ ಹೋದೆವು. ವಿಮಾನ ಮೇಲೇರುವ ಮೊದಲೇ ನನಗೆ ನಿದ್ದೆ ಹತ್ತಿತು. ಇಳಿದ ಮೇಲೆ ಅವಳೇ ತಟ್ಟಿ ಎಬ್ಬಿಸಿದಳು. ನನ್ನ ಮುಖ ಬಿಳಿಚಿಕೊಂಡಿತ್ತು, ಇಡೀ ಸಂಜೆ ಮಾತಾಡಲಿಲ್ಲ.

ಓದುವವರು ಕೇಳಬಹುದು, ಇದರಲ್ಲಿ ಚರ್ಚೆ ಏನು, ದಾಖಲೆ ನೋಡಿದರಾಯಿತಲ್ಲ ಎಂದು. ನೋಡಿದೆವು. ವಿಮಾನದ ಕಂಪನಿಯ ಆ್ಯಪಿನಲ್ಲಿ ಇಬ್ಬರೂ ಹತ್ತಿದ್ದೇವೆಂದಿತ್ತು. ನಳಿನಿಯ ಫೋನಿನಲ್ಲಿ ಒಂದು ಫೋಟೋ ಇತ್ತು: ವಿಮಾನ ನಿಲ್ದಾಣದ ಲೋಹದ ಕುರ್ಚಿಯಲ್ಲಿ ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಕೂತ ನಾನು. ಮುಖ ನನ್ನದೇ, ಅಂಗಿ ನನ್ನದೇ. ಆ ಕುರ್ಚಿಯಲ್ಲಿ ಕೂತ ನೆನಪು ನನಗಿಲ್ಲ. ರೈಲಿನ ಟಿಕೆಟ್ಟು ಬಳಸಿದ್ದಕ್ಕೆ ಯಾವ ಗುರುತೂ ಇರಲಿಲ್ಲ. ರೈಲ್ವೆಯವರಿಗೆ ಇಮೇಲ್ ಬರೆದು, ಆ ದಿನ ಒಬ್ಬ ಮಹಿಳೆ ತೀರಿಕೊಂಡರೇ ಎಂದು ಕೇಳಿದೆ. ಪ್ರಯಾಣಿಕರ ವಿಷಯವನ್ನು ಹೊರಗಿನವರಿಗೆ ತಿಳಿಸುವುದಿಲ್ಲ ಎಂದು ಉತ್ತರ ಬಂತು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಮುಂದಿನದು ಹೇಳಲು ಕಷ್ಟ. ಮೇಘನಾ ಬಂದು ನನ್ನ ಪಕ್ಕದಲ್ಲಿ ಕೂತು, "ಇಟ್ಸ್ ಓಕೆ ಡ್ಯಾಡ್. ವಿ ಜಸ್ಟ್ ವಾಂಟ್ ಟು ಬಿ ಶೂರ್," ಎಂದಳು. ಮಕ್ಕಳೊಂದಿಗೆ ಮಾತಾಡುವ ದನಿ ಅದು. ವೈದ್ಯರ ಬಳಿ ಕರೆದೊಯ್ದರು. ಗಡಿಯಾರದ ಚಿತ್ರ ಬರೆಸಿದರು, ಪದಗಳನ್ನು ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು, ಮಿದುಳಿನ ಸ್ಕ್ಯಾನ್ ಮಾಡಿಸಿದರು. ಎಲ್ಲವೂ ಸರಿಯಿತ್ತು. ವಿಮಾನದಲ್ಲಿ ಗಾಢವಾಗಿ ಕಂಡ ಕನಸಿರಬಹುದು, ಆದರೂ ಗಮನಿಸುತ್ತಿರಿ ಎಂದರು ವೈದ್ಯರು. ಆ "ಗಮನಿಸುತ್ತಿರಿ" ನಮ್ಮ ಮನೆಯೊಳಗೆ ಬಂದು ಸೇರಿಕೊಂಡಿತು. ನಾನು ಚಹಾ ಮಾಡಿ ಬಂದರೆ ನಳಿನಿ ಹೋಗಿ ಒಲೆ ಆರಿದೆಯೇ ಎಂದು ನೋಡುತ್ತಿದ್ದಳು. ಕಾರಿನ ಕೀಲಿ ಅವಳ ಕೈಚೀಲ ಸೇರಿತು. ನಾವಿರುವ ಊರಲ್ಲಿ ಕಾರಿಲ್ಲದವನಿಗೆ ಹಾಲು ತರುವುದೂ ಒಂದು ಪ್ರಯಾಣ. ಸ್ನೇಹಿತರು ನನ್ನೊಂದಿಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಕ್ರಮೇಣ ನಾನೂ ಒಪ್ಪಿಕೊಂಡೆ. ಕನಸೇ ಇರಬೇಕು ಎಂದೆ. ಆದರೆ ಒಬ್ಬನೇ ಕೂತಾಗ ಆ ಮುದುಕಿಯ ಬೆರಳುಗಳ ಒತ್ತು ನನ್ನ ಅಂಗೈಯಲ್ಲಿ ಇರುತ್ತಿತ್ತು. ಇಲ್ಲದವಳಿಗಾಗಿ ದುಃಖಪಡುವುದು ಹೇಗೆಂದು ಯಾರನ್ನು ಕೇಳಲಿ?

ಒಂದೂವರೆ ವರ್ಷ ಹೀಗೆ ಕಳೆಯಿತು. ಫೆಬ್ರುವರಿಯಲ್ಲಿ ನಮ್ಮೆಲ್ಲರಿಗೂ ಹಿರಿಯರಾಗಿದ್ದ ಡಾಕ್ಟರ್ ಸರೋಜಮ್ಮ ತೀರಿಕೊಂಡರು. ನಾವು ಹೊಸದಾಗಿ ಬಂದಾಗ ಚಳಿಗಾಲದ ಕೋಟು ಕೊಡಿಸಿದವರು ಅವರು. ಮಧ್ಯಾಹ್ನ ಫ್ಯೂನರಲ್ ಹೋಮಿಗೆ ಹೋದೆವು. ತೆರೆದ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆ ಉಡಿಸಿ ಮಲಗಿಸಿದ್ದರು. ಜನ ಸಾಲಾಗಿ ಹೋಗಿ ಹೂವಿಟ್ಟು ಬರುತ್ತಿದ್ದರು. ನಮ್ಮ ಸರದಿ ಬಂತು. ನಳಿನಿ ಹೂವಿಟ್ಟು, ಸ್ವಲ್ಪ ಹೊತ್ತು ಮುಖ ನೋಡಿ, ನನಗಷ್ಟೇ ಕೇಳುವಂತೆ ಹೇಳಿದಳು:

"ಬಾಯಿ ಚೆನ್ನಾಗಿ ಮುಚ್ಚಿದ್ದಾರೆ. ಅವತ್ತು ನೀವು ಕರ್ಚೀಫ್ ಕಟ್ಟಿದಾಗ ಆಕೇದು ಒಂದು ಕಡೆಗೆ ವಾಲಿಬಿಟ್ಟಿತ್ತು."

ಹಿಂದಿನವರು ಕಾಯುತ್ತಿದ್ದರು. ಅವಳು ಮುಂದೆ ನಡೆದಳು. ಹೂವಿಡುವುದನ್ನೂ ಮರೆತು ನಾನು ಅವಳ ಹಿಂದೆ ಹೋದೆ.

ಈ ಕರ್ಚೀಫಿನ ವಿಷಯವನ್ನು ಮೇಲೆ ಬರೆಯುವಾಗಲೂ ನಾನು ಬಿಟ್ಟಿದ್ದೇನೆ, ಏಕೆಂದರೆ ಯಾರಿಗೂ ಹೇಳುವ ಅಭ್ಯಾಸವೇ ಇರಲಿಲ್ಲ. ಗಾರ್ಡು ಫೋನ್ ಮಾಡಲು ಹೋಗಿದ್ದಾಗ ಆ ಮುದುಕಿಯ ಬಾಯಿ ತೆರೆದುಕೊಂಡಿತು. ನೋಡಲಾಗಲಿಲ್ಲ. ನಮ್ಮ ಅವ್ವನಿಗೆ ಮಾಡಿದಂತೆ, ಗದ್ದದಿಂದ ನೆತ್ತಿಗೆ ನನ್ನ ಕರ್ಚೀಫು ಕಟ್ಟಿದೆ. ಅದು ಚಿಕ್ಕದು, ಸರಿಯಾಗಿ ಕೂರಲಿಲ್ಲ. ದವಡೆ ಎಡಕ್ಕೆ ವಾಲಿತು. ಗಾರ್ಡು ಬಂದು, ಮುಟ್ಟಬಾರದು ಎಂದು ಗದರಿಸಿ ಬಿಚ್ಚಿ ಕೊಟ್ಟ. ಊಟದ ಮೇಜಿನಲ್ಲಾಗಲಿ, ವೈದ್ಯರ ಎದುರಿಗಾಗಲಿ, ನಾನು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಹೊರಗೆ ಬಂದು ಕಾರಿನಲ್ಲಿ ಕೂತೆವು. ಅವಳು ಸ್ಟೀರಿಂಗ್ ಹಿಂದೆ, ನಾನು ಪಕ್ಕದಲ್ಲಿ. ಗಾಜಿನ ಮೇಲೆ ಹಿಮ ಗಟ್ಟಿಯಾಗಿತ್ತು.

"ಒಳಗ ಏನಂದಿ ನಳಿನಿ?"

"ಏನಂದೆ?"

"ಕರ್ಚೀಫಿನ ಮಾತು."

"ನೀವೇ ಹೇಳಿದ್ರಲ್ಲ."

"ನಾ ಹೇಳಿಲ್ಲ. ಯಾರಿಗೂ ಹೇಳಿಲ್ಲ."

ಅವಳು ಇಗ್ನಿಷನ್‌ಗೆ ಕೈ ಹಾಕಿದಳು, ತಿರುಗಿಸಲಿಲ್ಲ. ಉಸಿರಿಗೆ ಗಾಜು ಒಳಗಿನಿಂದಲೂ ಮಸುಕಾಯಿತು. "ನಾವು ಫ್ಲೈಟಲ್ಲೇ ಬಂದಿದ್ದು," ಎಂದಳು. "ನನಗೆ ಫ್ಲೈಟೇ ನೆನಪಿರೋದು. ಎರಡು ಸ್ವೆಟರ್ ಹಾಕ್ಕೊಂಡು ಬೆವರ್ತಿದ್ದೆ." ನನಗೆ ಹೇಳಿದಂತಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಅಂಥ ಭಯ ನಾನು ಹಿಂದೆ ನೋಡಿರಲಿಲ್ಲ.

"ಮೇಘನಾಗೆ ಹೇಳ್ಬೇಡಿ," ಎಂದಳು.

ನಿದ್ದೆಯಲ್ಲಿ ನಾನು ಕನವರಿಸಿದ್ದನ್ನು ಅವಳು ಕೇಳಿಸಿಕೊಂಡಿರಬಹುದು. ಆ ವಿವರಣೆಯನ್ನು ನಾನೇ ಹಲವು ಸಲ ಪ್ರಯೋಗಿಸಿ ನೋಡಿದ್ದೇನೆ. ಹಾಗಿದ್ದರೆ ದವಡೆ ವಾಲಿದ್ದನ್ನು ಕಣ್ಣಾರೆ ಕಂಡವಳಂತೆ ಅವಳೇಕೆ ಹೇಳಿದಳು, ಆಮೇಲೆ ಅಷ್ಟು ಯಾಕೆ ಹೆದರಿದಳು, ತಿಳಿಯದು. ಅವಳೂ ಆ ವಿಷಯ ಎತ್ತಿಲ್ಲ, ನಾನೂ ಕೇಳಿಲ್ಲ. ಒಲೆ ನೋಡಲು ಅವಳು ಈಗ ಎದ್ದುಹೋಗುವುದಿಲ್ಲ. ಕೀಲಿ ಮತ್ತೆ ಬಾಗಿಲ ಪಕ್ಕದ ಮೊಳೆಗೆ ಬಂದಿದೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದಂತೆ ನೋಡಿಕೊಳ್ಳುತ್ತ ಇದ್ದೇವೆ. ಯಾರ ತಲೆ ಸರಿಯಿದೆ ಎಂದು ಗೊತ್ತಿಲ್ಲದ ಮನೆಯಲ್ಲಿ ಊಟ, ನಿದ್ದೆ ಎಲ್ಲ ಮೊದಲಿನಂತೆಯೇ ನಡೆಯುತ್ತದೆ.

ಮಗಳಿಗೆ ನಾನು ಹೇಳಿಲ್ಲ. ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ, ಅವಳಿಗೆ ಕನ್ನಡ ಓದಲು ಬರುವುದಿಲ್ಲ.