ಸರೋಜಿನಿ ಕಾದ ಹೂವು

ನಮ್ಮ ವಾಕಿಂಗ್ ಗುಂಪಿನ ಹತ್ತನೇ ವರ್ಷದ ಪುಸ್ತಕಕ್ಕೆ ಸರೋಜಿನಿಯವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ನನ್ನನ್ನೇ ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಅವರು ಮಂಗಳೂರಿನವರು. ಮದುವೆಗೆ ಮುಂಚೆ ಅಕ್ಕನ ಹೂವಿನ ಅಂಗಡಿಯಲ್ಲಿ ಕೂತು ಮಾಲೆ ಕಟ್ಟುತ್ತಿದ್ದರಂತೆ. ಈಗ ಮನೆ ಇಲ್ಲಿ, ಅಮೆರಿಕದ ಯೂನಿಯನ್ ಸಿಟಿಯಲ್ಲಿ. ಮಿಲ್ಪಿಟಾಸಿನ ಡೇಕೇರಿನಲ್ಲಿ ಮಕ್ಕಳಿಗೆ ಉಣ್ಣಿಸಿ ಮಲಗಿಸುವ ಕೆಲಸ. ನಾನು ದಾವಣಗೆರೆಯ ಕಾಲೇಜಿನಲ್ಲಿ ಒಂಬತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ಆದರೂ ಭಾನುವಾರ ಕಾಡಿನಲ್ಲಿ ಹೊಸ ಗಿಡ ಕಂಡರೆ ಎಲ್ಲರೂ ಓಡುವುದು ಸರೋಜಿನಿ ಅಕ್ಕನ ಹತ್ತಿರ. ನಾನು ಪಕ್ಕದಲ್ಲೇ ಕಂಬದ ಹಾಗೆ ನಿಂತಿರುತ್ತೇನೆ.

ಗಿಡವನ್ನು ಮೊದಲು ಸರಿಯಾಗಿ ಗುರುತಿಸಿದವರ ಹೆಸರನ್ನು ನೋಟುಬುಕ್ಕಿನಲ್ಲಿ ಬರೆಯುವುದು ನಮ್ಮ ಗುಂಪಿನ ರೂಢಿ. ಅದರಲ್ಲಿ ಅವರ ಹೆಸರು ನಲವತ್ತೊಂದು ಸಲ ಇದೆ. ನನ್ನದು ಮೂರು ಸಲ, ಅದೂ ಅವರು ಊರಿಗೆ ಹೋಗಿದ್ದಾಗ.

ರೆಡ್‌ವುಡ್ ಮರಗಳ ನೆರಳಿನಲ್ಲಿ, ನೆಲಕ್ಕೆ ಅಂಟಿಕೊಂಡು ಒಂದು ಪುಟ್ಟ ಗಿಡವಿತ್ತು. ವರ್ಷವಿಡೀ ಹಸಿರು, ದಪ್ಪ ಎಲೆ, ಎಲೆಯ ಮೇಲೆ ಬಿಳಿ ನರ. ನಾನು ಒಂದು ಜಾತಿಯ ಆರ್ಕಿಡ್ ಎಂದೆ. ಅವರು ವಿಂಟರ್‌ಗ್ರೀನ್ ಎಂಬ ಇಲ್ಲಿನ ಕಾಡುಗಿಡ ಎಂದರು. ಎರಡರ ಎಲೆಯೂ ಹೆಚ್ಚುಕಡಿಮೆ ಒಂದೇ ಥರ, ಹೂ ಬಿಟ್ಟರೆ ಮಾತ್ರ ತೀರ್ಮಾನ. ಆದರೆ ಗಿಡ ನಾಲ್ಕು ಬೇಸಿಗೆ ಹೂ ಬಿಡಲಿಲ್ಲ. ಅವರು ಪ್ರತಿ ತಿಂಗಳೂ ಹೋಗಿ ಅದನ್ನು ನೋಡಿ ಬರುತ್ತಿದ್ದರು. ಈ ಜೂನಿನಲ್ಲಿ ಹೂದಂಟಿನ ತುದಿ ಕಂಡಾಗ ನನಗೊಬ್ಬಳಿಗೇ ಫೋನ್ ಮಾಡಿ, ಅರಳಿದ ಮೇಲೆ ಭಾನುವಾರ ಒಟ್ಟಿಗೆ ನೋಡುವ ಎಂದರು.

ನಾನು ಶುಕ್ರವಾರವೇ ಒಬ್ಬಳೇ ಹೋದೆ.

ಒಂದೇ ದಂಟು, ನಾಲ್ಕು ಹೂ, ಎಲ್ಲ ತಲೆ ಕೆಳಗೆ ಹಾಕಿ ನೇತಾಡುತ್ತಿದ್ದವು. ಇಂಥ ಹೂವಿನ ಒಳಗನ್ನು ನೋಡಬೇಕಾದರೆ ಸರೋಜಿನಿ ಕುಂಕುಮದ ಕರಡಿಗೆಯ ಕನ್ನಡಿಯನ್ನು ಕೆಳಗೆ ಹಿಡಿಯುತ್ತಾರೆ, ಹೂ ಮುಟ್ಟುವುದಿಲ್ಲ. ನಾನು ಲ್ಯಾಬಿನಲ್ಲಿ ಕಲಿತವಳು. ದಂಟನ್ನೇ ಚಿವುಟಿ ತಿರುಗಿಸಿ ನೋಡಿದೆ. ಒಳಗಿನ ಶಲಾಕೆ, ಅಂದರೆ ಹೂವಿನ ನಡುವಿನ ಕಡ್ಡಿ, ಆನೆಯ ಸೊಂಡಿಲಿನಂತೆ ಬಾಗಿ ಹೊರಗೆ ಚಾಚಿತ್ತು. ಆರ್ಕಿಡ್ಡಿಗೆ ಹೀಗಿರುವುದಿಲ್ಲ. ವಿಂಟರ್‌ಗ್ರೀನ್. ಅವರು ಹೇಳಿದ್ದೇ ಸರಿ. ಮೈಯೆಲ್ಲ ಉರಿದುಹೋಯಿತು. ಹೂವನ್ನು ಅಂಗೈಯಲ್ಲಿಟ್ಟು ಫೋಟೋ ತೆಗೆದು, 'ಗುರುತಿಸಿದ್ದು: ನೀತಾ' ಎಂದು ಗುಂಪಿನ ವಾಟ್ಸ್ಯಾಪಿಗೆ ಹಾಕಿಬಿಟ್ಟೆ. ಚಪ್ಪಾಳೆಗಳು ಬಂದವು.

ಭಾನುವಾರ ಅವರು ಎಲ್ಲರಿಗಿಂತ ಮುಂದೆ ನಡೆದರು. ಮುರಿದ ದಂಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಎಲೆ ಸವರಿದರು. ಆಮೇಲೆ ನೋಟುಬುಕ್ಕು ಇಸಿದುಕೊಂಡು ತಮ್ಮ ದುಂಡು ಅಕ್ಷರದಲ್ಲಿ ನನ್ನ ಹೆಸರು ಬರೆದರು. ನಾನು ತಡೆಯಲಾರದೆ, ವಿಂಟರ್‌ಗ್ರೀನ್ ಅಂತ ಮೊದಲು ಹೇಳಿದ್ದು ನೀವಲ್ಲವಾ, ನಿಮ್ಮ ಹೆಸರೇ ಬರೆಯಿರಿ ಎಂದೆ.

"ನನಗೆ ಹೆಸರು ಎಂತಕ್ಕೆ ಮಾರಾಯ್ರೆ," ಎಂದರು. "ಅದು ಅರಳಿದ್ದು ಒಮ್ಮೆ ನೋಡ್ಬೇಕಿತ್ತು, ಅಷ್ಟೇ."

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವರು ಬೈಯಲೂ ಇಲ್ಲ.