ವನಜತ್ತೆಯ ಟರ್ಕಿಶ್ ಪಾಠ

ಎಲ್ಲಾದರೂ ಜೆಸಿಬಿ ಅಗೆಯುತ್ತಿದ್ದರೆ, ಹಸಿ ಮಣ್ಣಿಗೆ ಹಳೆಯ ಸುಣ್ಣದ ಗಾರೆ ಬೆರೆತ ವಾಸನೆ ಇಂದಿಗೂ ನನ್ನನ್ನು ರಸ್ತೆಯ ಆಚೆ ಬದಿಗೆ ಓಡಿಸುತ್ತದೆ. ಸರ್ವಜ್ಞನಗರದಲ್ಲಿ, ಚರ್ಚಿನ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆಯಿತ್ತು. ಕೆಂಪು ನೆಲದ ಮುಂದಿನ ಕೋಣೆಯಲ್ಲಿ ಅಪ್ಪನ ಅಕ್ಕ ವನಜತ್ತೆ ಟರ್ಕಿಶ್ ಕಲಿಸುತ್ತಿದ್ದರು. ಅಂಕಾರಾದಲ್ಲಿ ಕೆಲಸಕ್ಕಿದ್ದಾಗ ಕಲಿತ ಭಾಷೆ. ಕಲಿಯಲು ಬರುತ್ತಿದ್ದವರು ಟರ್ಕಿಶ್ ಧಾರಾವಾಹಿಗಳ ಹುಚ್ಚು ಹಿಡಿದ ಶಿವಾಜಿನಗರದ ಕಾಲೇಜು ಹುಡುಗಿಯರು. ಅವರು ತರುತ್ತಿದ್ದ ಬಿಸಿ ಬನ್ನಿನ ಆಸೆಗೆ ನಾನೂ ಸೇರಿಕೊಳ್ಳುತ್ತಿದ್ದೆ.

ಆ ಪಾಠದಲ್ಲಿ ಯಾರೂ ಕೂರುವಂತಿರಲಿಲ್ಲ. ಒಬ್ಬೊಬ್ಬರೂ ಒಂದು ನಾಮಪದ ಇಲ್ಲವೇ ಪ್ರತ್ಯಯವಾಗಿ ಸಾಲಿನಲ್ಲಿ ನಿಂತು, ಮುಂದಿನವರ ಭುಜ ಹಿಡಿಯಬೇಕು. ಫರ್ಹಾನಾ ‘ಎವ್’, ಅಂದರೆ ಮನೆ. ಬಾಗಿಲಿಗೆ ಟರ್ಕಿಶ್‌ನಲ್ಲಿ ‘ಕಪಿ’ ಅನ್ನುತ್ತಾರೆಂದು ಗೊತ್ತಾದ ದಿನವೇ ಆ ಪಾತ್ರ ನನಗೆ ಕಾಯಂ ಆಯಿತು. ನಮ್ಮಿಬ್ಬರ ನಡುವೆ ‘ಇನ್’, ನನ್ನ ಬೆನ್ನಿಗೆ ‘ಸಿ’. ಎವಿನ್ ಕಪಿಸಿ, ಮನೆಯ ಬಾಗಿಲು.

“ನಮ್ಮಲ್ಲಿ ಮನೆಗೆ ಒಂದು ಪ್ರತ್ಯಯ ಹಚ್ಚಿದ್ರೆ ಸಾಕು. ಅವರಲ್ಲಿ ಬಾಗಿಲಿಗೂ ಬೇಕು,” ಎನ್ನುತ್ತಿದ್ದರು ಅತ್ತೆ. ‘ಇನ್’ ಪಕ್ಕಕ್ಕೆ ಸರಿದರೆ ‘ಎವ್ ಕಪಿಸಿ’. ಯಾವ ಮನೆಯದೆಂದು ಹೇಳದ ಬರೀ ಮನೆಬಾಗಿಲು. “ಮತ್ತೆ ಈ ಕಪಿಗೆ ಬಾಲ ಬೇಡ್ವಾ ಆಂಟಿ?” ಎಂದು ಫರ್ಹಾನಾ ಛೇಡಿಸಿದರೆ, “ಸಿ ಅನ್ನೋದೇ ಅದರ ಬಾಲ ಕಣೇ!” ಎಂದು ನಗುತ್ತಿದ್ದರು. ಪದ ಮುಗಿಯುವವರೆಗೂ ಯಾರೂ ಭುಜ ಬಿಡುವಂತಿಲ್ಲ, ಅಷ್ಟೇ ಅವರ ಕಟ್ಟಳೆ. ಅವರು ಮಾತ್ರ ಸಾಲಿನ ಆಚೆ, ಪಕ್ಕದ ಸೈಟಿನ ಕಡೆಯ ಗೋಡೆಗೆ ಒರಗಿ ನಿಲ್ಲುತ್ತಿದ್ದರು.

ಆ ಸೈಟಿನಲ್ಲಿ ಫ್ಲಾಟ್‌ಗೆಂದು ನಮ್ಮ ಗೋಡೆಯ ಬುಡದವರೆಗೂ ಹಳ್ಳ ತೋಡಿದರು. ಅತ್ತೆ ಕಂಟ್ರಾಕ್ಟರನನ್ನು ಕರೆದು ಗೋಡೆಯಲ್ಲಿ ಬಿಟ್ಟಿದ್ದ ಬಿರುಕು ತೋರಿಸಿದರು. “ಬ್ರಿಟಿಷರ ಕಾಲದ ಗೋಡೆ ಮೇಡಂ, ಏನೂ ಆಗಲ್ಲ. ನೀವು ಆರಾಮಾಗಿ ಪಾಠ ಮಾಡ್ಕೊಳ್ಳಿ,” ಎಂದ. ಆರಾಮಾಗಿ! ಕಬ್ಬಿಣದ ಆಸರೆ ಕೊಡಲು ಅವನಿಗೆ ಒಂದು ದಿನ ಸಾಕಿತ್ತು. ಕೊಡಲಿಲ್ಲ.

ನಾವು ಸಾಲಾಗಿ ನಿಂತಿದ್ದಾಗಲೇ ಗೋಡೆಯೊಳಗಿಂದ ಬಟ್ಟೆ ಹರಿದಂಥ ಸದ್ದು ಬಂತು. “ಓಡ್ರೇ!” ಎಂದರು ಅತ್ತೆ. ಬೀದಿಬಾಗಿಲ ಹತ್ತಿರವಿದ್ದ ಫರ್ಹಾನಾ ಹೊರಗೆ ಹಾರಿದಳು. “ಲೇ ಕಪಿ, ಭುಜ ಬಿಡ್ಬೇಡ!” ಎಂಬ ಅವಳ ಕೂಗಿನ ಹಿಂದೆ ಇಡೀ ಸಾಲು ಎಳೆದುಕೊಂಡು ಬೀದಿಗೆ ಬಿತ್ತು. ತಿರುಗಿ ನೋಡಿದರೆ ಬಾಗಿಲ ತುಂಬ ಧೂಳು. ಹೊರಬಂದವರಲ್ಲಿ ಅತ್ತೆ ಇರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ನಾನು ತಿರುಗುತ್ತೇನೆ, ಧೂಳು ಕಾಣುತ್ತದೆ, ಮತ್ತೆ ತಿರುಗುತ್ತೇನೆ. ಅವರನ್ನು ಇಟ್ಟಿಗೆಯಡಿಯಿಂದ ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ. “ಹಳೇ ಗೋಡೆ, ತಾನಾಗೇ ಬಿತ್ತು,” ಎಂದ ಕಂಟ್ರಾಕ್ಟರ್, ಅಪ್ಪನ ಮುಖ ನೋಡಿಕೊಂಡೇ. ಗೋಡೆ ತಾನಾಗಿ ಬೀಳಲಿಲ್ಲ. ಅವನು ಬೀಳಿಸಿದ. ಆ ಮಾತು ಹೇಳಲು ಅಂದು ನನಗೆ ವಯಸ್ಸಿರಲಿಲ್ಲ. ಇಂದು ಹೇಳುತ್ತೇನೆಂದರೆ ಕೇಳುವವರಿಲ್ಲ.

ನಮ್ಮ ಮನೆಯ ಜಾಗವನ್ನೂ ಆ ಫ್ಲಾಟುಗಳೇ ನುಂಗಿವೆ. ಕಳೆದ ತಿಂಗಳು ಗೇಟಿನ ಬಳಿ ನಿಂತಾಗ ವಾಚ್‌ಮನ್ ಕೇಳಿದ, “ಯಾರ ಮನೆಗೆ ಮೇಡಂ?” ಅತ್ತೆಯ ಹೆಸರು ಹೇಳಿದೆ. ಅವನು ಪಾಪ, ತುಸು ಯೋಚಿಸಿ, “ಆ ಹೆಸರಿನವರು ಇಲ್ಲಿ ಯಾರೂ ಇಲ್ವಲ್ಲ,” ಎಂದು ಮೆಲ್ಲಗೆ ಗೇಟು ಎಳೆದುಕೊಂಡ.