ಬಳೆಗಾರ್ತಿ ಗೋಷಾದಲ್ಲಿ ಕೂತದ್ದು

ಕಡೂರಿನ ಸೈದಾನಿ ಬಿ ಬಳೆ ತೊಡಿಸದ ಕೈ ಯಗಟಿ, ಸಿಂಗಟಗೆರೆ ಕಡೆ ಇತ್ತೆಂದರೆ ಅದು ಗಂಡಸಿನ ಕೈಯೇ ಆಗಿರಬೇಕು. ತಾಯಿಯಿಂದ ಬಂದ ಕಸುಬು. ಹೆಗಲ ಮೇಲೆ ಬಳೆ ಪೋಣಿಸಿದ ಮಲಾರ, ತಲೆಯ ಮೇಲೆ ಸೆರಗು, ಸೆರಗಿನ ತುದಿ ಹಲ್ಲಿನಲ್ಲಿ. ಹಾಗೆ ಕಚ್ಚಿಕೊಂಡೇ ಅವಳು ಹತ್ತೂರಿನ ಸುದ್ದಿ ಹೇಳುತ್ತಿದ್ದಳು. ದಾರಿಯಲ್ಲಿ ನಮಾಜಿನ ಹೊತ್ತಾದರೆ ಯಾರದಾದರೂ ಜಗಲಿಯ ಮೇಲೆ ಚಾಪೆ ಹಾಸಿಸಿಕೊಳ್ಳುವಳು; ಅದು ಮುಗಿಯುವವರೆಗೆ ಆ ಮನೆಯ ಅತ್ತೆ ಸೊಸೆಯರು ಜಗಳ ನಿಲ್ಲಿಸಿಕೊಂಡು ಕಾಯುವರು. ಗಂಡ ಬುಡನ್ ಸಾಬ್ ಎತ್ತುಗಳಿಗೆ ಲಾಳ ಕಟ್ಟುವವನು. "ನಾನು ಎತ್ತಿನ ಕಾಲು ಹಿಡೀತೀನಿ, ನೀನು ಹೆಂಗಸ್ರ ಕೈ ಹಿಡೀತೀಯ. ಇಬ್ರೂ ಒದೆ ಬೀಳ್ದಂಗೆ ನೋಡ್ಕಂಡ್ರೆ ಆಯ್ತು" ಎಂಬುದು ಅವನು ತನ್ನ ಬಾಳಿನಲ್ಲಿ ಆಡಿದ ಅತಿ ಉದ್ದದ ಮಾತು.

ಇವರ ಒಬ್ಬನೇ ಮಗ ವಜೀರ್. ನಾಲ್ಕಕ್ಷರ ಇಂಗ್ಲಿಷ್ ಕಲಿತು ಕಡೂರು ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತನಾಗಿದ್ದ. ಅವನಿಗೆ ತರೀಕೆರೆಯ ಜವಳಿ ಅಂಗಡಿ ಮುನೀರ್ ಪಾಷಾ ಅವರ ಮಗಳು ಮಹಬೂಬ್ ಬಿಯ ಸಂಬಂಧ ಬಂತು. ಹುಡುಗಿ ಓದು ಬಲ್ಲವಳು, ಮನೆತನ ದೊಡ್ಡದು. ಬಡ ಬಳೆಗಾರ್ತಿಗೆ ಇನ್ನೇನು ಬೇಕು?

ಆದರೆ ಆ ವರ್ಷ ಉತ್ತರ ಸೀಮೆಯ ಮೌಲ್ವಿಯೊಬ್ಬರು ತರೀಕೆರೆಗೆ ಬಂದು ತಿಂಗಳುಗಟ್ಟಲೆ ಬೋಧನೆ ಮಾಡಿ ಹೋಗಿದ್ದರು. ಹೊಸದಾಗಿ ಸುಣ್ಣ ಹೊಡೆದ ಗೋಡೆ ಮುಟ್ಟಿದವರಿಗೆಲ್ಲ ಬಿಳಿ ಹತ್ತಿಸುವಂತೆ ಮುನೀರ್ ಪಾಷಾ ಸಿಕ್ಕಿದವರಿಗೆಲ್ಲ ಧರ್ಮ ಹತ್ತಿಸುತ್ತಿದ್ದರು. ಊರಿನ ಮುಸಲ್ಮಾನ ಹೆಂಗಸರು ಗೋಷಾದಲ್ಲಿರಬೇಕು, ಬೀದಿಗೆ ಇಳಿಯಬಾರದು ಎಂದು ಸಭೆ ಕೂಡಿಸಿ ಒಪ್ಪಿಸಿದರು. ಊರಿಗಿದ್ದ ಒಬ್ಬಳೇ ಮುದಿ ಬಳೆಗಾರ್ತಿಗೂ ಅಕ್ಕಿ ಬೇಳೆ ಗೊತ್ತುಮಾಡಿ ಮನೆಯಲ್ಲಿ ಕೂರಿಸಿದರು. ಅಂಥವರು ವಜೀರನಿಗೆ ಹೇಳಿದ್ದು ಇಷ್ಟು: "ಹುಡುಗ ಅಪರಂಜಿ. ಆದ್ರೆ ತಾಯಿ ಮುಖ ತೆರ್ಕೊಂಡು ಹಳ್ಳಿ ಸುತ್ತಿದ್ರೆ ನಾಳೆ ನಾನು ಮಸೀದಿಯಲ್ಲಿ ಹೆಂಗಪ್ಪ ಬಾಯಿ ಬಿಡ್ಲಿ?"

ವಜೀರ್ ಒಂದು ಬಿಳಿಯ ಬುರ್ಖಾ ತಂದು ತಾಯಿಯ ಮುಂದಿಟ್ಟ.

"ಅಮ್ಮೀ, ನನಗೋಸ್ಕರ."

"ಹಾಕ್ಕೋತೀನಿ ಬಿಡಪ್ಪ. ನಿನ್ನನ್ನ ಹೊಟ್ಟೇಲಿ ಹೊತ್ತೋಳಿಗೆ ಇದೊಂದು ಬಟ್ಟೆ ಭಾರಾನಾ? ಆದ್ರೆ ಯಗಟಿ ಬಿಡಲ್ಲ."

ಹಾಗೆ ಹಾಕಿಕೊಂಡೇ ಯಗಟಿಗೆ ಹೋದಳು. ಅಲ್ಲಿ ತೆಂಗಿನ ತೋಟದ ಕೆಂಚಮ್ಮ ಅವಳ ಹಳೆಯ ಗೆಳತಿ. ಬಸುರಿ ಮಗಳಿಗೆ ಬಳೆ ತೊಡಿಸಲು ಕೆಂಚಮ್ಮನೇ ಹೇಳಿಕಳಿಸಿದ್ದಳು. ತಲೆಯಿಂದ ಪಾದದವರೆಗೆ ಬೆಳ್ಳಗೆ, ಕಣ್ಣಿಗೆ ಜಾಲರಿ ಇಟ್ಟುಕೊಂಡು ಬಂದ ಆಕೃತಿಯನ್ನು ಕಂಡು ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿತು. ಕೆಂಚಮ್ಮ ಪೊರಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಯಾರವ್ವ ಅದು? ಅಲ್ಲೇ ನಿಂತ್ಕ."

"ನಾನು ಕಣೇ ಕೆಂಚಮ್ಮ, ಸೈದಾನಿ."

"ಸೈದಾನಿ ಆದ್ರೆ ಮಖ ಎಲ್ಲೈತೆ? ಬಸುರಿ ಮಗಳ ಕೈನ ಮುಸುಕು ಹಾಕಿದ ಗುಡಾಣಕ್ಕೆ ಕೊಡಾಕಾಯ್ತದಾ?"

ಅಂತೂ ಒಳಗೆ ಬಿಟ್ಟಳು. ಆದರೆ ಬಳೆ ತೊಡಿಸುವವಳು ಕೈ ನೋಡುವುದಿಲ್ಲ, ಮುಖ ನೋಡುತ್ತಾಳೆ. ನೋವಾದರೆ ಹುಬ್ಬು ಗಂಟಿಕ್ಕುತ್ತದೆ. ಅಷ್ಟರಲ್ಲಿ ಹಿಡಿತ ಸಡಿಲ ಬಿಡಬೇಕು. ಜಾಲರಿಯೊಳಗಿಂದ ಹುಬ್ಬು ಕಾಣಲಿಲ್ಲ. ಎರಡು ಬಳೆ ಚಟಕ್ಕೆಂದವು. ಬಸುರಿಯ ಮುಂದೆ ಬಳೆ ಒಡೆಯಿತು ಅನ್ನಬಾರದು. ಕೆಂಚಮ್ಮ "ಹೆಚ್ಚಿದ್ವು, ಹೆಚ್ಚಿದ್ವು" ಎಂದು ಚೂರು ಬಳಿದು ಹಾಕಿ, "ನಿನ್ ದಮ್ಮಯ್ಯ ಅಂತೀನಿ ಬೂಬಮ್ಮ, ಆ ಜಾಲರಿ ಎತ್ತು. ಇಲ್ಲಾಂದ್ರೆ ನನ್ ಮಗಳ ಕೈಯೇ ಹೆಚ್ಚೋಯ್ತದೆ" ಎಂದಳು. ಸೈದಾನಿ ಬಿ ಜಾಲರಿಯನ್ನು ನೆತ್ತಿಯ ಮೇಲೆ ಎತ್ತಿಹಾಕಿ ಕೆಲಸ ಮುಗಿಸಿದಳು.

ಈ ಸುದ್ದಿ ಮುಂದಿನ ಸಂತೆಯಷ್ಟರಲ್ಲಿ ತರೀಕೆರೆ ಸೇರಿತು. ಮುನೀರ್ ಪಾಷಾ ಹೇಳಿಕಳಿಸಿದರು: "ಬುರ್ಖಾ ಸಾಲದು, ಗೋಷಾ ಬೇಕು. ಮದುವೆ ನಡೀಬೇಕಾದ್ರೆ ಬೀಗಿತ್ತಿ ಹೊಸ್ತಿಲು ದಾಟಬಾರದು." ಸೈದಾನಿ ಬಿಗೆ ಮಗನ ಮದುವೆಯೂ ಬೇಕಾಗಿತ್ತು, ಯಗಟಿಯ ದಾರಿಯೂ ಬೇಕಾಗಿತ್ತು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುವಂತಿತ್ತು. ಮಗನ ಸಪ್ಪೆ ಮೋರೆ ನೋಡಲಾರದೆ ಮಲಾರವನ್ನು ಗೂಟಕ್ಕೆ ನೇತುಹಾಕಿ ಕೂತಳು.

ಕೂತವಳು ಸುಮ್ಮನೆ ಕೂರಲಿಲ್ಲ. ಬೆಳಗಾಗೆದ್ದು, "ವಜೀರಾ, ನೀರು ತಾರಪ್ಪ" ಎಂದಳು.

"ಬಾವಿ ಇಲ್ಲೇ ಎದುರಿಗಿದೆಯಲ್ಲ ಅಮ್ಮೀ!"

"ಹೊಸ್ತಿಲಾಚೆ ಇದೆ ಕಣೋ. ನಾನು ಗೋಷಾ ಹೆಂಗಸು."

ಕಾಲರ್ ಕೋಟು ತೊಟ್ಟ ಗೂಡ್ಸ್ ಗುಮಾಸ್ತ ಹೆಂಗಸರ ಸಾಲಿನಲ್ಲಿ ಬಿಂದಿಗೆ ಹಿಡಿದು ನಿಂತ. ಬುಡನ್ ಸಾಬ್ ಸಂತೆಯಿಂದ ಸೊಪ್ಪಿನ ಬದಲು ಕಳೆ ತಂದ. ಕಡೂರಿನವರು ಹಲ್ಲು ಬಿಟ್ಟು ನಕ್ಕರು.

ನಗದೆ ಇದ್ದವರೆಂದರೆ ವಾಚನಾಲಯದ ಮುದ್ದಪ್ಪ ಮೇಷ್ಟರು. ಮತ ಮನೆಯೊಳಗಿರಲಿ, ಹೆಂಗಸರು ಹೊರಗೆ ಬರಲಿ ಎಂದು ಭಾಷಣ ಮಾಡುತ್ತಿದ್ದ ಸುಧಾರಕರು. ಬುಡನ್ ಸಾಬನನ್ನು ಮುಂದಿಟ್ಟುಕೊಂಡು ಬಂದು, "ನಮ್ಮ ಸಭೆಗೆ ಬಂದು ನಿಮ್ಮ ಕಷ್ಟ ಹೇಳ್ಬೇಕಮ್ಮ" ಎಂದರು.

ಪರದೆಯ ಹಿಂದಿನಿಂದ ಉತ್ತರ ಬಂತು: "ಬತ್ತೀನಿ ಸ್ವಾಮಿ. ನಿಮ್ಮನೇರು ಮಲ್ಲಿಕಾಂಬಮ್ಮೋರು ಮೊದ್ಲು ಬಂದು ಕೂತ್ಕಂಡ್ರೆ ಅವ್ರ ಪಕ್ಕ ಕೂತ್ಕತೀನಿ. ಬಳೆ ತೊಡಿಸ್ಬೇಕಾದ್ರೂ ಅವ್ರು ನಡುಮನೆ ಬಾಗಿಲು ದಾಟಿ ಈಚೆಗೆ ಬಂದಿದ್ದು ನಾ ಕಾಣೆ."

ಮೇಷ್ಟರಿಗೆ ಆಗಲೇ ಯಾವುದೋ ತುರ್ತು ಕೆಲಸ ನೆನಪಾಯಿತು.

ಮದುವೆ ಹತ್ತಿರ ಬಂತು. ಮದುವೆಗೆ ಮುಂಚೆ ಹೆಣ್ಣಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರವಿದೆ. ಅದಕ್ಕೆ ಕೈ ಪಳಗಿದ ಬಳೆಗಾರ್ತಿಯೇ ಬೇಕು; ಬಳೆ ಬಿಗಿಯಾಗಿ ಕೂರಬೇಕು. ಗಂಡಸರಿಗೆ ಇಂಥದ್ದು ನೆನಪಿರುವುದಿಲ್ಲ. ಬಳೆಗಾರ್ತಿ ಎಲ್ಲಿ ಎಂದು ಹೆಂಡತಿ ಕೇಳಿದಾಗಲೇ ಮುನೀರ್ ಪಾಷಾ ಅವರ ತಲೆಗೆ ಹೊಳೆದದ್ದು. ತಾವೇ ಕೂರಿಸಿದ್ದ ಮುದುಕಿಯ ಮನೆಗೆ ಓಡಿದರು. ಅವಳು ಇದ್ದ ಬಳೆಯೆಲ್ಲ ಮಾರಿ ಶಿವಮೊಗ್ಗದ ಮಗಳ ಮನೆ ಸೇರಿಯಾಗಿತ್ತು. ಚಿಕ್ಕಮ್ಮ ದೊಡ್ಡಮ್ಮಂದಿರು ತಾವೇ ತೊಡಿಸಲು ಹೋಗಿ ಒಂದು ಡಜನ್ ಬಳೆಯನ್ನೂ ಹುಡುಗಿಯ ಮುಂಗೈಯನ್ನೂ ಗಾಯ ಮಾಡಿದರು. ಊರಲ್ಲಿ ಉಳಿದಿದ್ದ ಬಳೆಗಾರನೆಂದರೆ ಹೊನ್ನಯ್ಯ. ಗಂಡಸು, ದಪ್ಪ ಮೀಸೆಯವನು.

"ಪರದೆ ಕಟ್ಟಿ, ಮಗೀನ ಕೈ ಈಚೆಗೆ ಚಾಚ್ಸಿ ಸಾಬ್ರೇ. ನಾನು ಕಣ್ಮುಚ್ಕಂಡು ತೊಡಿಸ್ತೀನಿ" ಎಂದ ಹೊನ್ನಯ್ಯ.

ಮುನೀರ್ ಪಾಷಾ ಅಂದೇ ಕಡೂರಿನ ರೈಲು ಹತ್ತಿದರು.

ಸೈದಾನಿ ಬಿಯ ಬಾಗಿಲಿಗೆ ಇಳಿಬಿಟ್ಟಿದ್ದ ಪರದೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ಬೀಗಿತ್ತೀ, ಒಂದ್ಸಲ ತರೀಕೆರೆಗೆ ಬಂದು..."

"ಕೇಳಿಸ್ಲಿಲ್ಲ. ಪರದೆ ದಪ್ಪ ಇದೆ."

"ಮಹಬೂಬ್‌ಗೆ ಬಳೆ ತೊಡಿಸ್ಬೇಕು!" ಬೀದಿಯೆಲ್ಲ ಕೇಳಿತು.

"ಅಯ್ಯೋ, ನಾನು ಹೊಸ್ತಿಲು ದಾಟೋಹಂಗಿಲ್ಲವಲ್ಲ. ದೊಡ್ಡೋರು ಹೇಳವ್ರೆ."

"ಅದನ್ನ ಹೇಳಿದ್ದು ನಾನೇ ತಾಯಿ."

"ನಿಮ್ಮ ಮನೆ ಹೆಂಗಸ್ರು ಒಳಗೇ ಕೂತಿರ್ಬೇಕಾದ್ರೆ ಯಾರಾದ್ರೂ ಒಬ್ಳು ಹೊರಗೆ ನಡೀಬೇಕು ಕಣ್ರೀ ಪಾಷಾ. ನಾನೂ ಒಳಗೆ ಕೂತ್ರೆ ಒಳಗಿರೋರ ಕೈ ಬರಿದು." ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಬತ್ತೀನಿ. ನಿಮ್ಮೂರಲ್ಲಿ ನಿಮ್ಮ ಮರ್ಯಾದೆಗೆ ಬುರ್ಖಾ ಹಾಕ್ಕೊತೀನಿ. ಆದ್ರೆ ಮಲಾರ ಮತ್ತೆ ಹೆಗಲಿಗೇರಿದ್ರೆ ಇಳ್ಸಲ್ಲ. ಯಗಟೀಲಿ ಸೆರಗೇ ಸಾಕು. ಒಪ್ಪಿದ್ರೆ ಹೇಳಿ, ಇಲ್ಲಾಂದ್ರೆ ಹೊನ್ನಯ್ಯನ್ನ ಕರೀರಿ."

ಹೊನ್ನಯ್ಯನ ಮೀಸೆ ಕಣ್ಣಮುಂದೆ ಬಂದದ್ದೇ ತಡ, ಪಾಷಾ ಒಪ್ಪಿದರು.

ತರೀಕೆರೆಯ ಒಳಮನೆಯಲ್ಲಿ ಬುರ್ಖಾ ಕಳಚಿಟ್ಟು ಸೈದಾನಿ ಬಿ ಹುಡುಗಿಯ ಎದುರು ಕೂತಳು. ಗಾಯದ ಮೇಲೆ ಎಣ್ಣೆ ಸವರಿ, ಕೈ ಮೆಲ್ಲಗೆ ಒತ್ತಿದಳು. ಮಹಬೂಬ್ ಬಿ ಅಂಜುತ್ತಲೇ ಬಾಯಿ ಬಿಟ್ಟಳು.

"ಅತ್ತೆ, ನೀವು ಹೆಂಗೇ ಇರಿ. ನಾನು ಮಾತ್ರ ಬುರ್ಖಾ ಬಿಡಲ್ಲ. ಅಬ್ಬಾ ಹೇಳಿದ್ರು ಅಂತಲ್ಲ. ನನಗೇ ಬೇಕು."

ಸೈದಾನಿ ಬಿ ಮಲಾರದಿಂದ ಒಂದು ಹಸಿರು ಬಳೆ ಬಿಡಿಸಿಕೊಂಡಳು. ಇಷ್ಟು ಹೋರಾಡಿ ಗೆದ್ದು ಬಂದರೆ ಸೊಸೆಯೇ ಹೀಗೆನ್ನಬೇಕೆ? ಆದರೆ ಆ ಹುಡುಗಿ ಕಣ್ಣು ತಗ್ಗಿಸದೆ ಆಡಿದ ಮಾತು ಅವಳಿಗೆ ಹಿಡಿಸಿತು.

"ಇರ್ಲಿ ಬಿಡವ್ವ. ನಿನ್ನ ಮುಖ, ನಿನ್ನಿಷ್ಟ. ನನ್ನ ಮುಖದ ಸುದ್ದಿಗೆ ಮಾತ್ರ ಬರ್ಬೇಡ. ನೀರು ತರಕ್ಕೆ ನಿನ್ನ ಗಂಡನ್ನ ಆಗ್ಲೇ ಪಳಗ್ಸಿಟ್ಟಿದೀನಿ."

ಹುಡುಗಿ ಕಿಲಕಿಲನೆ ನಕ್ಕಳು. ನಕ್ಕಾಗ ಕೈ ಸಡಿಲವಾಗುತ್ತದೆ. ಬಳೆ ಸರಕ್ಕನೆ ಜಾರಿ ಮಣಿಕಟ್ಟಿಗೆ ಕೂತಿತು.

ಮದುವೆ ಚೆನ್ನಾಗಿಯೇ ನಡೆಯಿತು. ಆಮೇಲೆ ಮಸೀದಿಯಲ್ಲಿ ಯಾರಾದರೂ ಬೀಗಿತ್ತಿಯ ಮಾತೆತ್ತಿದರೆ ಮುನೀರ್ ಪಾಷಾ ಗಂಭೀರವಾಗಿ, "ಅವ್ರು ಗೋಷಾ ಹೆಂಗಸರ ಸೇವೆಗೆ ನಿಂತೋರು. ಅವ್ರದ್ದೇ ಬೇರೆ ಲೆಕ್ಕ" ಎನ್ನುತ್ತಿದ್ದರು. ಅವರ ಮನೆಯಲ್ಲಿ ಮದುವೆಗೆ ಬೆಳೆದ ಹೆಣ್ಣುಮಕ್ಕಳು ಇನ್ನೂ ಇಬ್ಬರಿದ್ದರು.